ಬಿಚ್ಚಿದ ಇಂಜಿನ್ ಮುಂದೆ ಕೂತು: ಯಾವುದು ಇರಲಿ, ಯಾವುದು ಹೋಗಲಿ?

ಈ ಸಲದ ಕಾಗದಗಳಲ್ಲಿ ಮುಕ್ಕಾಲು ಪಾಲು ಹಳೇ ಗಾಡಿಗಳದ್ದೇ. ಪದ್ಮಿನಿ, ಅಂಬಾಸಿಡರ್, ಮತ್ತೆ ಪದ್ಮಿನಿ. ಪ್ರಶ್ನೆ ಬೇರೆ ಬೇರೆ ಥರ ಕೇಳಿದ್ದಾರೆ, ಆದರೆ ಒಳಗಿರುವ ಚಿಂತೆ ಒಂದೇ: ಸವೆದದ್ದನ್ನು ಹಾಗೇ ಹಾಕೋಣವಾ, ಹೊಸದು ತರೋಣವಾ? ಹಾಗಾಗಿ ಟೈರು, ಬ್ಯಾಟರಿ ಪ್ರಶ್ನೆಗಳೆಲ್ಲ ಮುಂದಿನ ಸಂಚಿಕೆಗೆ.

ಪ್ರಶ್ನೆ: ಸರ್, ನಮ್ಮದು 1984ರ ಪ್ರೀಮಿಯರ್ ಪದ್ಮಿನಿ. ಅಪ್ಪ ತಗೊಂಡಿದ್ದು. ಅವರು ಹೋದ ಮೇಲೆ ವರ್ಷಗಟ್ಟಲೆ ಶೆಡ್ಡಿನಲ್ಲೇ ನಿಂತಿತ್ತು, ಹೋದ ವರ್ಷದಿಂದ ಓಡಿಸುತ್ತಿದ್ದೇವೆ. 500 ಕಿಲೋಮೀಟರಿಗೆ ಹತ್ತಿರ ಹತ್ತಿರ ಒಂದು ಲೀಟರ್ ಆಯಿಲ್ ಕುಡಿಯುತ್ತೆ. ಆಗುಂಬೆ ಘಾಟಿ ಇಳಿದು ಸೋಮೇಶ್ವರದ ಹತ್ತಿರ ಆಕ್ಸಿಲರೇಟರ್ ಒತ್ತಿದರೆ ಹಿಂದೆ ಬರುವವರಿಗೆ ನೀಲಿ ಹೊಗೆ. ಬಿಸಿಯಾದಾಗ ಐಡಲ್‌ನಲ್ಲಿ ಆಯಿಲ್ ಲೈಟ್ ಮಿಣುಕುತ್ತೆ. ಈಗ ಇಂಜಿನ್ ಇಳಿಸಿ ಬಿಚ್ಚಿಸಿದ್ದೇವೆ. ಒಬ್ಬರು "ಬೋರಿಂಗ್, ಕ್ರ್ಯಾಂಕ್, ಕ್ಯಾಮ್ ಎಲ್ಲಾ ಹೊಸದು ಮಾಡಿಬಿಡಿ, ಇಪ್ಪತ್ತು ವರ್ಷ ಯೋಚನೆ ಇಲ್ಲ" ಅಂತಾರೆ. ಇನ್ನೊಬ್ಬರು "ಸುಮ್ನೆ ದುಡ್ಡು ಹಾಳು, ರಿಂಗ್ ಹಾಕಿ ಮುಚ್ಚಿ" ಅಂತಾರೆ. ಯಾರ ಮಾತು ಕೇಳಲಿ?
– ಓದುಗಿಯೊಬ್ಬರು, ತೀರ್ಥಹಳ್ಳಿ

ಉತ್ತರ: ಇಬ್ಬರದ್ದೂ ಬೇಡ. ಮೈಕ್ರೋಮೀಟರ್ ಹೇಳಿದ್ದು ಕೇಳಿ. ಇಬ್ಬರಲ್ಲಿ ಒಬ್ಬರಾದರೂ ಅಳತೆ ತೆಗೆದು, ಚೀಟಿಯಲ್ಲಿ ಬರೆದು ಕೊಟ್ಟಿದ್ದಾರಾ? ನಿಮ್ಮ ಕಾಗದದಲ್ಲಿ ಒಂದು ಅಳತೆಯೂ ಇಲ್ಲ. ಕಣ್ಣಲ್ಲಿ ನೋಡಿ "ಹೋಗಿದೆ" ಅನ್ನುವುದು, ಕಣ್ಣಲ್ಲಿ ನೋಡಿ "ಚೆನ್ನಾಗಿದೆ" ಅನ್ನುವುದು, ಎರಡೂ ಒಂದೇ ಥರದ ಕಣಿ.

ಮೊದಲು ಹೊಗೆಯ ವಿಷಯ. ಘಾಟಿ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟಿರುತ್ತೀರಿ, ಗೇರ್ ಹಾಕಿರುತ್ತೀರಿ. ಆಗ ಇನ್‌ಲೆಟ್ ಕಡೆ ಸೆಳೆತ ಜೋರಾಗಿರುತ್ತದೆ, ಮೇಲೆ ವಾಲ್ವ್ ಒತ್ತುವ ರಾಕರ್ ಹತ್ತಿರ ಇರುವ ಆಯಿಲ್, ವಾಲ್ವ್ ಗೈಡಿನ (ವಾಲ್ವ್ ಮೇಲೆ ಕೆಳಗೆ ಜಾರುವ ಕೊಳವೆ) ಸಂದಿಯಿಂದ ಒಳಗೆ ಇಳಿಯುತ್ತದೆ. ಕೆಳಗೆ ಬಂದು ಒತ್ತಿದ ತಕ್ಷಣ ಅಷ್ಟೂ ಒಟ್ಟಿಗೆ ಸುಡುತ್ತದೆ. ಆಮೇಲೆ ಸರಿಹೋಗುತ್ತದೆ. ಇದು ಗೈಡಿನ ಲಕ್ಷಣ. ಅದೇ ಹೊಗೆ ಘಾಟಿ ಹತ್ತುವಾಗ, ಒತ್ತಿದಷ್ಟು ಹೊತ್ತೂ ಬರುತ್ತಾ ಇದ್ದರೆ ರಿಂಗ್ (ಪಿಸ್ಟನ್ ಸುತ್ತಲಿನ ಬಳೆ) ಅಥವಾ ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರಿನ ತೂತು) ಅನ್ನಿ. ನೀವು ಇಳಿಯುವುದನ್ನು ಮಾತ್ರ ಬರೆದಿದ್ದೀರಿ, ಹತ್ತುವುದನ್ನು ಬರೆದಿಲ್ಲ. ಹಾಗಾಗಿ ಗೈಡಿನ ಮೇಲೆ ನನಗೆ ಅನುಮಾನ ಜಾಸ್ತಿ. ಆದರೆ 500ಕ್ಕೆ ಒಂದು ಲೀಟರ್ ಅಂದರೆ ಬರೀ ಗೈಡಿನಿಂದ ಹೋಗುವ ಪ್ರಮಾಣ ಅಲ್ಲ, ಎರಡೂ ಸೇರಿರಬೇಕು.

ಈಗ ಬೋರ್. ಪದ್ಮಿನಿಯ 1089 ಸಿಸಿ ಇಂಜಿನ್ನಿನ ಬೋರ್ 68 ಮಿಲಿಮೀಟರ್, ಸ್ಟ್ರೋಕ್ (ಪಿಸ್ಟನ್ ಓಡುವ ಉದ್ದ) 75. ನೀವೇ ಒಂದು ಕೆಲಸ ಮಾಡಿ. ಬ್ಲಾಕ್ ಪಕ್ಕ ಕೂತು, ಸಿಲಿಂಡರ್ ಒಳಗೆ ಬೆರಳು ಬಿಟ್ಟು, ಉಗುರನ್ನು ಕೆಳಗಿನಿಂದ ಮೇಲಕ್ಕೆ ಎಳೆಯಿರಿ. ಬಾಯಿಯ ಹತ್ತಿರ, ಕೆಲವು ಮಿಲಿಮೀಟರ್ ಕೆಳಗೆ, ಉಗುರು ಒಂದು ಮೆಟ್ಟಿಲಿಗೆ ತಗಲಿ ನಿಲ್ಲುತ್ತದಾ ನೋಡಿ. ಮೇಲಿನ ರಿಂಗ್ ಅಲ್ಲಿಯವರೆಗೆ ಬಂದು ವಾಪಸ್ ತಿರುಗುತ್ತದೆ. ಪೆಟ್ರೋಲ್ ಉರಿದಾಗ ಒತ್ತಡ ಎಲ್ಲಕ್ಕಿಂತ ಜಾಸ್ತಿ ಅಲ್ಲೇ, ಆಯಿಲ್ ಎಲ್ಲಕ್ಕಿಂತ ಕಡಿಮೆ ಸೇರುವುದೂ ಅಲ್ಲೇ. ಹಾಗಾಗಿ ಬೋರ್ ಮೇಲೆ ಜಾಸ್ತಿ ಸವೆಯುತ್ತದೆ, ಕೆಳಗೆ ಹೊಸದರ ಹಾಗೇ ಇರುತ್ತದೆ. ರಿಂಗ್ ಮುಟ್ಟದ ಅಂಚು ಮಾತ್ರ ಮೆಟ್ಟಿಲಾಗಿ ಉಳಿಯುತ್ತದೆ. ಉಗುರು ಮೆಲ್ಲಗೆ ತಡವರಿಸಿ ದಾಟಿದರೆ ಪರವಾಗಿಲ್ಲ. ನಿಂತೇಬಿಟ್ಟರೆ ರೀಬೋರಿಗೆ, ಅಂದರೆ ಬೋರನ್ನು ಕೆತ್ತಿ ಅಗಲ ಮಾಡಿಸುವುದಕ್ಕೆ, ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಬೋರ್ ಗೇಜ್ ಇಲ್ಲದೆಯೂ ಇದನ್ನು ಅಳೆಯಬಹುದು. ಇದು ನನಗೆ ಕಲಿಸಿದ ಮೇಸ್ತ್ರಿಯ ಉಪಾಯ. ಒಂದು ರಿಂಗನ್ನು ಪಿಸ್ಟನ್‌ನಿಂದ ಬಿಚ್ಚಿ ಖಾಲಿ ಬೋರಿನಲ್ಲಿ ಇಡಿ. ಪಿಸ್ಟನ್ನನ್ನೇ ತಲೆಕೆಳಗು ಮಾಡಿ ಅದರಿಂದ ರಿಂಗನ್ನು ಮೆಲ್ಲಗೆ ತಳ್ಳಿ, ಮೆಟ್ಟಿಲಿಗಿಂತ ಸ್ವಲ್ಪ ಕೆಳಗೆ ನಿಲ್ಲಿಸಿ. ರಿಂಗಿನ ಎರಡು ತುದಿಗಳ ನಡುವಿನ ಸಂದಿಯನ್ನು ಫೀಲರ್ ಗೇಜಿನಿಂದ (ಸಂದಿ ಅಳೆಯುವ ತೆಳು ತಗಡಿನ ಬ್ಲೇಡುಗಳು) ಅಳೆದು ಬರೆದುಕೊಳ್ಳಿ. ಆಮೇಲೆ ಅದೇ ರಿಂಗನ್ನು ಬೋರಿನ ತಳದವರೆಗೆ ತಳ್ಳಿ ಮತ್ತೆ ಅಳೆಯಿರಿ. ಎರಡರ ವ್ಯತ್ಯಾಸವನ್ನು ಮೂರರಿಂದ ಭಾಗಿಸಿ. ಮೇಲೆ 0.75, ಕೆಳಗೆ 0.45 ಬಂತು ಅಂದರೆ ವ್ಯತ್ಯಾಸ 0.30, ಅಂದರೆ ಬೋರ್ ಮೇಲ್ಗಡೆ ಸುಮಾರು 0.10 ಮಿಲಿಮೀಟರ್ ಅಗಲವಾಗಿದೆ. ಸುತ್ತಳತೆ ಅಗಲದ ಮೂರು ಪಟ್ಟಿಗಿಂತ ಚೂರು ಜಾಸ್ತಿ ಅಲ್ವಾ, ಅಷ್ಟೇ ಲೆಕ್ಕ. ಆದರೆ ಬೋರ್ ಉರುಟು ತಪ್ಪಿ ಮೊಟ್ಟೆಯಾಗಿದೆಯಾ ಅನ್ನುವುದು ಇದರಲ್ಲಿ ಗೊತ್ತಾಗಲ್ಲ. ಅದಕ್ಕೆ ಬೋರ್ ಗೇಜೇ ಬೇಕು: ಮೇಲೆ, ನಡುವೆ, ಕೆಳಗೆ, ಮೂರೂ ಕಡೆ ಉದ್ದಕ್ಕೊಂದು ಅಡ್ಡಕ್ಕೊಂದು. ನಾಲ್ಕು ಸಿಲಿಂಡರಿಗೆ ಒಟ್ಟು 24 ಅಳತೆ. ಅರ್ಧ ಗಂಟೆ ಕೆಲಸ.

ಅಳತೆ ಬಂದ ಮೇಲೆ ನನ್ನ ಲೆಕ್ಕ ಹೀಗೆ. 0.10ರ ಒಳಗಿದ್ದರೆ ಹೋನಿಂಗ್ (ಕಲ್ಲಿನಿಂದ ಬೋರನ್ನು ತುಸುವೇ ಉಜ್ಜುವುದು) ಮಾಡಿಸಿ ಹೊಸ ರಿಂಗ್ ಹಾಕಿ, ಸಾಕು. 0.15 ದಾಟಿದ್ದರೆ ರೀಬೋರ್ ಮಾಡಿಸಿ, ಮುಂದಿನ ಸೈಜಿನ ಪಿಸ್ಟನ್ ಹಾಕಿ. ಫಿಯಟ್ (ಪದ್ಮಿನಿಯೂ ಫಿಯಟ್ಟೇ) ಪಿಸ್ಟನ್ 0.2, 0.4, 0.6 ಹೀಗೆ ಮೇಲಕ್ಕೆ ಹೋಗುತ್ತದೆ. ನಡುವೆ ಬಂದರೆ ನೀವು ಗಾಡಿ ಎಷ್ಟು ಓಡಿಸುತ್ತೀರಿ ಅನ್ನುವುದರ ಮೇಲೆ. ವರ್ಷಕ್ಕೆ ಎರಡು ಸಾವಿರ ಕಿಲೋಮೀಟರ್ ಓಡುವ ಗಾಡಿಗೆ, ಬ್ಲಾಕಿನಿಂದ ಲೋಹ ಕೆತ್ತಿ ತೆಗೆಯೋಕೆ ಅವಸರ ಏನು? ರೀಬೋರ್ ಅಂದರೆ ಬ್ಲಾಕಿನ ಆಯುಷ್ಯದಲ್ಲಿ ಒಂದು ಮೆಟ್ಟಿಲು ಖರ್ಚಾಯಿತು ಅಂತಲೇ ಅರ್ಥ.

ಆದರೆ "ರಿಂಗ್ ಹಾಕಿ ಮುಚ್ಚಿ" ಅನ್ನುವವರ ಮಾತಿನಲ್ಲಿ ಒಂದು ಅಪಾಯ ಇದೆ. ಹಳೇ ರಿಂಗಿನ ಮೇಲಂಚು ಸವೆದು ಉರುಟಾಗಿರುತ್ತದೆ, ಆ ಮೆಟ್ಟಿಲಿನ ಕೆಳಗೆ ಹೊಂದಿಕೊಂಡಿರುತ್ತದೆ. ಹೊಸ ರಿಂಗಿನ ಅಂಚು ಚೌಕ. ಅದು ಹೋಗಿ ಮೆಟ್ಟಿಲಿಗೆ ಟಕ್ ಅಂತ ಹೊಡೆಯುತ್ತದೆ. ಕೆಲವೇ ದಿನದಲ್ಲಿ ರಿಂಗ್ ಮುರಿಯುತ್ತದೆ, ಇಲ್ಲ ಪಿಸ್ಟನ್ನಿನ ಅಂಚೇ ಒಡೆಯುತ್ತದೆ. ಮೆಟ್ಟಿಲು ಕೆತ್ತಿ ತೆಗೆಯದೆ ಹೊಸ ರಿಂಗ್ ಹಾಕಲೇಬಾರದು. ಕನ್ನಡಿ ಹಾಗೆ ಹೊಳೆಯುವ ಬೋರಿಗೂ ಹೋನಿಂಗ್ ಇಲ್ಲದೆ ಹಾಕಬಾರದು, ಯಾಕಂದರೆ ಆ ನುಣುಪಿನಲ್ಲಿ ಹೊಸ ರಿಂಗ್ ಕೂರುವುದೇ ಇಲ್ಲ. ಹೋನ್ ಮಾಡಿದ ಬೋರಿನಲ್ಲಿ ಅಡ್ಡಡ್ಡ ಗೆರೆಗಳು ಜಾಲರಿ ಹಾಗೆ ಕಾಣಬೇಕು.

ಪಿಸ್ಟನ್ ಹಳೆಯದೇ ಉಳಿಸುವುದಾದರೆ ರಿಂಗ್ ಕೂರುವ ತೋಡನ್ನು, ಅಂದರೆ ಗ್ರೂವನ್ನು, ನೋಡಿ. ಮುರಿದ ಹಳೇ ರಿಂಗಿನ ತುಂಡಿನಿಂದ ಮಸಿ ಕೆರೆದು, ಹೊಸ ರಿಂಗನ್ನು ಅದರಲ್ಲಿಟ್ಟು, ಪಕ್ಕದ ಸಂದಿಗೆ ಫೀಲರ್ ತೂರಿಸಿ. 0.15 ಬ್ಲೇಡ್ ಸಲೀಸಾಗಿ ಹೋಯಿತಾ? ಹಾಗಾದರೆ ಆ ಪಿಸ್ಟನ್ ಪೆನ್ ಸ್ಟ್ಯಾಂಡಿಗೆ ಸರಿ.

ಆಯಿಲ್ ಲೈಟ್ ಮಿಣುಕುವುದಕ್ಕೂ ಬೋರಿಗೂ ಸಂಬಂಧ ಇಲ್ಲ. ಅದು ಕೆಳಗಿನ ಮನೆಯ ಕಾಯಿಲೆ: ಬೇರಿಂಗ್, ಕ್ರ್ಯಾಂಕ್ (ಪಿಸ್ಟನ್ನಿನ ಓಟದಿಂದ ತಿರುಗುವ ಶಾಫ್ಟ್), ಆಯಿಲ್ ಪಂಪ್. ಶೆಲ್ಲುಗಳನ್ನು, ಅಂದರೆ ಬೇರಿಂಗಿನ ಅರ್ಧಬಳೆಗಳನ್ನು, ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ. ಮಂಕು ಬೂದು ಬಣ್ಣ ಒಂದೇ ಸಮ ಇದ್ದರೆ ಒಳ್ಳೆಯದು. ಅಲ್ಲಲ್ಲಿ ತಾಮ್ರದ ಬಣ್ಣ ಇಣುಕಿದರೆ ಮೇಲಿನ ಪದರ ಹೋಗಿದೆ ಅಂತ. ನಿಜ ಹೇಳಬೇಕಂದರೆ, ಇಂಜಿನ್ ಇಷ್ಟು ಬಿಚ್ಚಿದ ಮೇಲೆ ಶೆಲ್ ಹೇಗಿದ್ದರೂ ನಾನು ಹೊಸದೇ ಹಾಕುತ್ತೇನೆ. ಪ್ರಶ್ನೆ ಇರುವುದು ಕ್ರ್ಯಾಂಕ್ ಗ್ರೈಂಡ್ ಮಾಡಿಸಬೇಕಾ ಅನ್ನುವುದರಲ್ಲಿ. ಪ್ರತಿ ಜರ್ನಲನ್ನೂ (ಬೇರಿಂಗಿನೊಳಗೆ ತಿರುಗುವ ಕ್ರ್ಯಾಂಕಿನ ಭಾಗ) ಎರಡು ದಿಕ್ಕಿನಲ್ಲಿ ಅಳೆಯಿರಿ. ಎರಡಕ್ಕೂ 0.05 ಮಿಲಿಮೀಟರ್ ವ್ಯತ್ಯಾಸ ಬಂದರೆ, ಅಥವಾ ಉಗುರಿಗೆ ಗೀರು ತಗುಲಿದರೆ, ಗ್ರೈಂಡಿಂಗ್. ಇಲ್ಲದಿದ್ದರೆ ಪಾಲಿಷ್ ಮಾಡಿಸಿ ಅದೇ ಸೈಜಿನ ಹೊಸ ಶೆಲ್. ನಾಲ್ಕು ಬಿಗ್ ಎಂಡಿನಲ್ಲಿ (ಪಿಸ್ಟನ್ ರಾಡ್ ಕ್ರ್ಯಾಂಕಿಗೆ ಸೇರುವ ಕಡೆ) ಒಂದು ಕೆಟ್ಟಿದ್ದರೂ ನಾಲ್ಕನ್ನೂ ಒಂದೇ ಸೈಜಿಗೆ ಇಳಿಸಬೇಕು. ಕ್ರ್ಯಾಂಕನ್ನು ಬ್ಲಾಕಿನಲ್ಲಿ ಹಿಡಿಯುವ ಮೇನ್ ಬೇರಿಂಗ್ ಬೇರೆ ಸೈಜಿನಲ್ಲಿದ್ದರೆ ಅಡ್ಡಿ ಇಲ್ಲ. ಲೇತಿನವರು "ಹತ್ತು ಥೌ ಇಳಿಸೋಣ" ಅಂದರೆ ಕಾಲು ಮಿಲಿಮೀಟರ್ ಅಂತ ತಿಳಿದುಕೊಳ್ಳಿ.

ಗ್ರೈಂಡಿಂಗ್ ಮಾಡಿಸುವವರಿಗೆ ಒಂದು ಮಾತು ಬಾಯಿಬಿಟ್ಟು ಹೇಳಿ. ಜರ್ನಲ್ ಮುಗಿದು ಕ್ರ್ಯಾಂಕಿನ ಗೋಡೆ ಶುರುವಾಗುವ ಮೂಲೆ ಚೂಪಾಗಬಾರದು, ಮೊದಲಿನ ಹಾಗೆ ಸಣ್ಣ ಬಾಗು ಉಳಿಯಬೇಕು. ಮೂಲೆ ಚೂಪಾದರೆ ಬಿರುಕು ಅಲ್ಲಿಂದಲೇ ಶುರು. ಕೆಲಸ ಆದ ಮೇಲೆ ಕ್ರ್ಯಾಂಕಿನ ಆಯಿಲ್ ತೂತುಗಳ ಪ್ಲಗ್ ಬಿಚ್ಚಿ, ಬ್ರಷ್ ಹಾಕಿ ತೊಳೆಯಬೇಕು. ಗ್ರೈಂಡಿಂಗ್ ಕಲ್ಲಿನ ಪುಡಿ ಒಳಗೆ ಉಳಿದರೆ ಹೊಸ ಶೆಲ್ಲಿಗೆ ಅದೇ ಮೊದಲ ಊಟ.

ಇನ್ನು ಉಳಿದ ಸಾಮಾನುಗಳಿಗೆ ನಾನು ನನಗೇ ಕೇಳಿಕೊಳ್ಳುವ ಪ್ರಶ್ನೆ ಒಂದೇ. ನಾಳೆ ಇದು ಕೈಕೊಟ್ಟರೆ ಮತ್ತೆ ಎಷ್ಟು ಬಿಚ್ಚಬೇಕು? ಡೈನಮೋ, ವಾಟರ್ ಪಂಪ್, ಪೆಟ್ರೋಲ್ ಪಂಪ್ ಇವೆಲ್ಲ ಹೊರಗಡೆ ಇರುವಂಥವು. ಚೆನ್ನಾಗಿದ್ದರೆ ಇರಲಿ ಬಿಡಿ, ಕೆಟ್ಟ ದಿನ ರಸ್ತೆ ಪಕ್ಕದಲ್ಲೇ ಬದಲಿಸಬಹುದು. ಆದರೆ ಟೈಮಿಂಗ್ ಚೈನ್, ಆಯಿಲ್ ಸೀಲು, ಬಿಗ್ ಎಂಡ್ ಬೋಲ್ಟು, ಕ್ಲಚ್ ಬೇರಿಂಗ್, ಬ್ಲಾಕಿನ ವೆಲ್ಚ್ ಪ್ಲಗ್ಗು, ಇವು ಅರ್ಧ ಆಯುಷ್ಯ ಉಳಿದಿದ್ದರೂ ಹೋಗಲಿ. ವೆಲ್ಚ್ ಪ್ಲಗ್ ಅಂದರೆ ಬ್ಲಾಕಿನ ಪಕ್ಕದಲ್ಲಿ ಬಡಿದಿರುವ ತಗಡಿನ ಬಟ್ಟಲು. ಬೆಲೆ ಒಂದು ಊಟದಷ್ಟೂ ಇಲ್ಲ. ನನ್ನದೇ ಫಿಯಟ್ಟಿನಲ್ಲಿ ಫ್ಲೈವೀಲ್ ಹಿಂದಿನ ಒಂದು ಪ್ಲಗ್ ಹೊರಗಿನಿಂದ ಪೇಂಟ್ ಸಮೇತ ಹೊಸದರ ಹಾಗೆ ಕಂಡಿತು ಅಂತ ಬಿಟ್ಟೆ. ಇಂಜಿನ್ ಕೂರಿಸಿದ ಮೂರನೇ ವಾರ ಶಿರಾಡಿ ಘಾಟಿಯಲ್ಲಿ ಗೇರ್‌ಬಾಕ್ಸ್ ಕೆಳಗಿನಿಂದ ನೀರು ತೊಟ್ಟಿಕ್ಕಿತು. ತುಕ್ಕು ತಿನ್ನುವುದು ಒಳಗಿನಿಂದ. ಆ ಬಟ್ಟಲಿಗೋಸ್ಕರ ಇಂಜಿನ್ ಮತ್ತೆ ಇಳಿಸಿದೆ. ಮನೆಯವಳು ಇವತ್ತಿಗೂ ಅದನ್ನೇ ಹೇಳುತ್ತಾಳೆ.

ಕ್ಯಾಮ್ (ವಾಲ್ವ್ ತೆರೆಸುವ ಉಬ್ಬುಗಳಿರುವ ಶಾಫ್ಟ್) ಮತ್ತು ಟ್ಯಾಪೆಟ್ (ಆ ಉಬ್ಬಿನ ಮೇಲೆ ಕೂರುವ ಸಾಮಾನು) ಬಗ್ಗೆ: ಟ್ಯಾಪೆಟ್ಟಿನ ಮುಖದಲ್ಲಿ ಸಣ್ಣ ಗುಳಿ ಬಿದ್ದಿಲ್ಲ, ಕ್ಯಾಮಿನ ಮೂಗು ಸವೆದಿಲ್ಲ ಅಂದರೆ ಅದನ್ನೇ ಹಾಕಿ. ಆದರೆ ಯಾವ ಟ್ಯಾಪೆಟ್ ಯಾವ ತೂತಿನಿಂದ ಬಂತೋ ಅದೇ ತೂತಿಗೆ ಹೋಗಬೇಕು. ಮೊಟ್ಟೆ ಟ್ರೇಯಲ್ಲಿ ನಂಬರ್ ಬರೆದು ಇಟ್ಟಿದ್ದಾರಾ ಕೇಳಿ. ಎಲ್ಲವನ್ನೂ ಒಂದೇ ಡಬ್ಬಿಗೆ ಸುರಿದಿದ್ದರೆ, ಚೆನ್ನಾಗಿದ್ದ ಕ್ಯಾಮ್ ಕೂಡ ಕೆಡುವ ದಾರಿ ಅದು. ಹೊಸ ಕ್ಯಾಮ್ ಹಾಕಿದರೆ ಟ್ಯಾಪೆಟ್ಟೂ ಹೊಸದೇ ಆಗಬೇಕು.

ಒಟ್ಟಿನಲ್ಲಿ ನಿಮಗೆ: ಗೈಡ್ ಬದಲಿಸಿ, ವಾಲ್ವ್ ಲ್ಯಾಪಿಂಗ್ (ವಾಲ್ವನ್ನು ಸೀಟಿಗೆ ಉಜ್ಜಿ ಕೂರಿಸುವುದು) ಮಾಡಿಸಿ, ಶೆಲ್ ಹೊಸದು, ಬೋರ್ ಮತ್ತು ಕ್ರ್ಯಾಂಕ್ ಅಳತೆ ನೋಡಿ ತೀರ್ಮಾನ. ಗಾಡಿ ಶುರುವಾಗಿ ಒಂದು ತಿಂಗಳು ಓಡುವವರೆಗೆ ಒಂದೇ ಒಂದು ಹಳೇ ಸಾಮಾನನ್ನೂ ಗುಜರಿಗೆ ಕೊಡಬೇಡಿ.

ಪ್ರಶ್ನೆ: ಅಣ್ಣ, ಮೆಕ್ಯಾನಿಕ್ "ಪೂರಾ ಇಂಜಿನ್ ಕೆಲಸ" ಅಂತಾರೆ. ನಮ್ಮ ಪದ್ಮಿನಿಯ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ, ಪೌಂಡಿನಲ್ಲಿ) ಒಂದನೇ ಸಿಲಿಂಡರಿನಿಂದ ಸಾಲಾಗಿ 115, 112, 70, 114 ಬಂದಿದೆ. ಬಿಚ್ಚಲೇಬೇಕಾ?
– ಒಬ್ಬ ಓದುಗ, ದಾವಣಗೆರೆ

ಉತ್ತರ: ಅಳತೆ ಬರೆದು ಕಳಿಸಿದ್ದಕ್ಕೆ ಮೊದಲು ಶಹಬ್ಬಾಸ್. ಮೂರು ಸಿಲಿಂಡರ್ ಅಕ್ಕಪಕ್ಕ ಇವೆ, ಒಂದು ಮಾತ್ರ ಬಿದ್ದಿದೆ. ಪೂರಾ ಇಂಜಿನ್ ಸವೆದಿದ್ದರೆ ನಾಲ್ಕೂ ಹೆಚ್ಚುಕಡಿಮೆ ಒಟ್ಟಿಗೇ ಇಳಿಯಬೇಕಿತ್ತು. ಮೂರನೇ ಸಿಲಿಂಡರಿನ ಸ್ಪಾರ್ಕ್ ಪ್ಲಗ್ ತೂತಿನಿಂದ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. 70 ಹೋಗಿ 100ರ ಹತ್ತಿರ ಬಂದರೆ ನೀವು ಬಿಟ್ಟ ಆಯಿಲ್ಲು ರಿಂಗಿನ ಸಂದಿಯನ್ನು ಮುಚ್ಚಿದೆ ಅಂತ ಅರ್ಥ, ದೋಷ ಕೆಳಗಿದೆ. 70 ಅಲ್ಲೇ ನಿಂತರೆ ವಾಲ್ವ್ ಕೂರುತ್ತಿಲ್ಲ. ಆಗ ಹೆಡ್ ಮಾತ್ರ ಬಿಚ್ಚಿದರೆ ಸಾಕು. ಅದಕ್ಕೂ ಮೊದಲು ಆ ಸಿಲಿಂಡರಿನ ಟ್ಯಾಪೆಟ್ ಗ್ಯಾಪ್ (ರಾಕರ್ ಮತ್ತು ವಾಲ್ವ್ ನಡುವಿನ ಸಂದಿ) ನೋಡಿ. ಗ್ಯಾಪ್ ಪೂರ್ತಿ ಹೋಗಿ ವಾಲ್ವ್ ತೆರೆದೇ ನಿಂತಿದ್ದರೆ ಸ್ಪ್ಯಾನರ್, ಸ್ಕ್ರೂಡ್ರೈವರಿನಲ್ಲಿ ಮುಗಿಯುವ ಕೆಲಸ. ಇಂಜಿನ್ ಬಿಸಿ ಇರುವಾಗ, ನಾಲ್ಕೂ ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಅಳೆದಿದ್ದೀರಿ ತಾನೆ? ಇಲ್ಲದಿದ್ದರೆ ಮೊದಲಿನಿಂದ ಶುರು ಮಾಡಿ.

ಪ್ರಶ್ನೆ: ಸ್ವಾಮಿ, ನನ್ನದು 1978ರ ಅಂಬಾಸಿಡರ್ ಮಾರ್ಕ್ 3, ಪೆಟ್ರೋಲ್. ನಿಲ್ಲಿಸಿದ ಕಡೆ ಇಂಜಿನ್ನಿನ ಹಿಂದಿನಿಂದ ಆಯಿಲ್ ಹನಿಯುತ್ತದೆ. ಹಿಂದಿನ ಸೀಲ್ ಹೋಗಿದೆ, ಕ್ರ್ಯಾಂಕ್ ಇಳಿಸಿ ಹೊಸ ಸೀಲ್ ಹಾಕಬೇಕು ಅಂತ ಗ್ಯಾರೇಜಿನಲ್ಲಿ ಹೇಳಿದರು. ಗಾಡಿ ಓಡುವುದು ಚೆನ್ನಾಗಿದೆ, ಆಯಿಲ್ ಪ್ರೆಷರ್ ಕೂಡ ಇದೆ.
– ನಿವೃತ್ತ ಶಿಕ್ಷಕರು, ಹುಬ್ಬಳ್ಳಿ

ಉತ್ತರ: ಮೇಷ್ಟ್ರೇ, ಇಲ್ಲದ ಸೀಲನ್ನು ಹೇಗೆ ಬದಲಿಸುತ್ತಾರೆ? ನಿಮ್ಮ ಗಾಡಿಯಲ್ಲಿರುವುದು ಇಂಗ್ಲೆಂಡಿನ ಬಿಎಂಸಿ ಬಿ-ಸೀರೀಸ್ ಸಂತತಿಯ 1489 ಸಿಸಿ ಇಂಜಿನ್. ಕ್ರ್ಯಾಂಕಿಗೆ ಮೂರೇ ಮೇನ್ ಬೇರಿಂಗ್. ಇದರ ಹಿಂದಿನ ತುದಿಯಲ್ಲಿ ರಬ್ಬರ್ ಸೀಲ್ ಇರುವುದಿಲ್ಲ. ಕ್ರ್ಯಾಂಕಿನ ಮೇಲೆ ಸ್ಕ್ರೂ ಮರೆಯ ಹಾಗೆ ಒಂದು ಸುರುಳಿ ತೋಡು ಕೊರೆದಿರುತ್ತಾರೆ, ಕ್ರ್ಯಾಂಕ್ ತಿರುಗುವಾಗ ಅದೇ ಆಯಿಲನ್ನು ಒಳಕ್ಕೆ ತಳ್ಳುತ್ತದೆ. ಇಂಜಿನ್ ನಿಂತರೆ ತಳ್ಳುವವರು ಯಾರೂ ಇಲ್ಲ. ಹಾಗಾಗಿ ನಿಲ್ಲಿಸಿದ ಮೇಲೆ ಎರಡು ಮೂರು ಹನಿ ಬೀಳುವುದು ಈ ಇಂಜಿನ್ನಿನ ಹುಟ್ಟುಗುಣ. ಕೆಳಗೆ ಹಳೇ ಪೇಪರ್ ಹಾಸಿ ಸುಮ್ಮನಿರಿ.

ಹನಿ ಅಲ್ಲ, ಅಂಗೈಯಗಲ ಮಡುಗಟ್ಟುತ್ತದೆ ಅಂದರೆ ಮಾತ್ರ ಹುಡುಕಬೇಕು. ಮೊದಲು ಬ್ರೀದರ್ ಪೈಪ್ ಕಟ್ಟಿದೆಯಾ ನೋಡಿ. ಒಳಗಿನ ಗಾಳಿಗೆ ಹೊರಬರುವ ದಾರಿ ಇಲ್ಲದಿದ್ದರೆ ಅದು ಆಯಿಲನ್ನು ಸಿಕ್ಕಿದ ಸಂದಿಯಿಂದ ನೂಕುತ್ತದೆ. ಆಮೇಲೆ ಮ್ಯಾನಿಫೋಲ್ಡ್ ಕೆಳಗೆ, ಬ್ಲಾಕಿನ ಪಕ್ಕದಲ್ಲಿ ಎರಡು ಟ್ಯಾಪೆಟ್ ಕವರ್ ಇವೆ. ಅವುಗಳ ಕಾರ್ಕ್ ಪ್ಯಾಕಿಂಗ್ ಒಣಗಿ ಗಟ್ಟಿಯಾಗಿ ಸೋರುತ್ತದೆ, ಸೋರಿದ್ದು ಬ್ಲಾಕಿನ ಅಂಚು ಹಿಡಿದು ಹಿಂದಕ್ಕೆ ಹರಿದು ಬೆಲ್‌ಹೌಸಿಂಗ್ (ಕ್ಲಚ್ ಮುಚ್ಚಿರುವ ಕವಚ) ಕೆಳಗೆ ಬೀಳುತ್ತದೆ. ನೋಡಿದವರಿಗೆ ಹಿಂದಿನಿಂದಲೇ ಸೋರಿದ ಹಾಗೆ. ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ, ಸ್ವಲ್ಪ ದೂರ ಓಡಿಸಿ, ಟಾರ್ಚ್ ಹಾಕಿ ಮೇಲಿನಿಂದ ಕೆಳಗೆ ನೋಡುತ್ತಾ ಬನ್ನಿ. ಬಿಸಿ ಇಂಜಿನ್ನಿನಲ್ಲಿ ಓಡುವಾಗ 50 ಪೌಂಡ್, ಐಡಲ್‌ನಲ್ಲಿ 15ರ ಹತ್ತಿರ ಪ್ರೆಷರ್ ತೋರಿಸುತ್ತಿದ್ದರೆ ಆ ಕ್ರ್ಯಾಂಕನ್ನು ಯಾರೂ ಮುಟ್ಟಬಾರದು.

ಪ್ರಶ್ನೆ: ಸೀಸ ಇಲ್ಲದ ಪೆಟ್ರೋಲಿಗೆ ಹಳೇ ಅಂಬಾಸಿಡರ್ ಹೆಡ್ಡಿನ ವಾಲ್ವ್ ಸೀಟ್ ತಡೆಯಲ್ಲ, ಗಟ್ಟಿ ಸೀಟ್ ಕೂರಿಸಲೇಬೇಕು ಅಂತಾರೆ. ಜೊತೆಗೆ ಈಗ ಎಥನಾಲ್ ಬೇರೆ. ಏನೇನು ಬದಲಿಸಬೇಕು?
– ಓದುಗರು, ಹಾಸನ

ಉತ್ತರ: ದೇಶದಲ್ಲಿ ಸೀಸದ ಪೆಟ್ರೋಲ್ ನಿಂತಿದ್ದು 2000ನೇ ಇಸವಿಯಲ್ಲಿ. ಅಲ್ಲಿಂದ ಇಲ್ಲಿಯವರೆಗೆ ನಿಮ್ಮ ಗಾಡಿ ಓಡಿಲ್ಲವಾ? ಓಡಿದೆ. ಅಂಬಾಸಿಡರಿನದ್ದು ಬೀಡು ಕಬ್ಬಿಣದ ಹೆಡ್, ಸೀಟನ್ನು, ಅಂದರೆ ವಾಲ್ವ್ ಮುಚ್ಚಿ ಕೂರುವ ಅಂಚನ್ನು, ಹೆಡ್ಡಿನಲ್ಲೇ ಕೊರೆದಿರುತ್ತಾರೆ. ಸೀಸ ಆ ಸೀಟಿಗೆ ಒಂದು ತೆಳು ಹೊದಿಕೆ ಹಾಗೆ ಕೆಲಸ ಮಾಡುತ್ತಿತ್ತು ಅನ್ನುವುದು ನಿಜ. ಅದಿಲ್ಲದೆ ದಿನಗಟ್ಟಲೆ ಹೈವೇಯಲ್ಲಿ ಜೋರಾಗಿ ಓಡಿಸಿದರೆ ಎಕ್ಸಾಸ್ಟ್ ಸೀಟ್ ಸವೆದು ವಾಲ್ವ್ ಒಳಕ್ಕೆ ಇಳಿಯುತ್ತದೆ. ಊರೊಳಗೆ 50ರಲ್ಲಿ ಓಡುವ ಗಾಡಿಗೆ ಅಷ್ಟು ಭಯ ಬೇಡ. ಟ್ಯಾಪೆಟ್ ಗ್ಯಾಪ್ ಬರೆದಿಟ್ಟುಕೊಳ್ಳಿ. ಎಕ್ಸಾಸ್ಟ್ ವಾಲ್ವುಗಳ ಗ್ಯಾಪ್ ಪದೇ ಪದೇ ಕಡಿಮೆಯಾಗುತ್ತಿದ್ದರೆ ಸೀಟ್ ಇಳಿಯುತ್ತಿದೆ, ಆಗ ಎಕ್ಸಾಸ್ಟಿಗೆ ಮಾತ್ರ ಗಟ್ಟಿ ಸೀಟ್ ಕೂರಿಸಿ. ಪದ್ಮಿನಿಯವರಿಗೆ ಈ ಯೋಚನೆ ಕಡಿಮೆ, ಅಲ್ಯೂಮಿನಿಯಂ ಹೆಡ್ ಆದ್ದರಿಂದ ಅದರಲ್ಲಿ ಸೀಟುಗಳನ್ನು ಬೇರೆ ಬಳೆಯಾಗಿ ಕೂರಿಸಿಯೇ ಇರುತ್ತಾರೆ.

ಎಥನಾಲ್ ಕಾಟ ಇಂಜಿನ್ ಒಳಗಿಗಿಂತ ಹೊರಗೆ ಜಾಸ್ತಿ. 20 ಪರ್ಸೆಂಟ್ ಎಥನಾಲ್ ಇರುವ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬಿಡುಗಡೆ ಮಾಡಿದ್ದು ನಮ್ಮ ಬೆಂಗಳೂರಿನಲ್ಲೇ. ಹಳೇ ರಬ್ಬರಿಗೆ ಅದು ಆಗಿಬರಲ್ಲ. ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಾಮ್, ಕಾರ್ಬುರೇಟರಿನ ಪ್ಯಾಕಿಂಗ್, ಇವನ್ನು ಎಥನಾಲ್ ತಡೆಯುವ ಸಾಮಾನಿನಿಂದ ಬದಲಿಸಿ. ಇದರಲ್ಲಿ ಜಿಪುಣತನ ಬೇಡ, ಬಿಸಿ ಮ್ಯಾನಿಫೋಲ್ಡ್ ಮೇಲೆ ಪೆಟ್ರೋಲ್ ಸೋರಿದರೆ ಗಾಡಿಯೇ ಹೋಗುತ್ತದೆ. ಎಥನಾಲ್ ನೀರನ್ನು ಹೀರುತ್ತದೆ. ಮಳೆಗಾಲ ಪೂರ್ತಿ ಗಾಡಿ ನಿಲ್ಲಿಸುವವರು ಟ್ಯಾಂಕಿನಲ್ಲಿ ಹಳೇ ಪೆಟ್ರೋಲ್ ಬಿಡಬೇಡಿ.

ಪ್ರಶ್ನೆ: ನಮ್ಮದು 1972ರ ಫಿಯಟ್. ಬ್ಲಾಕಿನ ಬೋರ್ ಕೊನೇ ಸೈಜಿಗೆ ಬಂದಿದೆ. ಗುಜರಿಯಲ್ಲಿ ರೆಡಿ ಮಾಡಿದ ಇಡೀ ಇಂಜಿನ್ ರಿಪೇರಿ ಖರ್ಚಿಗಿಂತ ಕಡಿಮೆಗೆ ಸಿಗುತ್ತಿದೆ. ತಗೊಳ್ಳಲಾ?
– ಓದುಗರು, ಮೈಸೂರು

ಉತ್ತರ: ಬೇಡ. ಕೊನೇ ಸೈಜ್ ಅಂದರೆ ಬ್ಲಾಕ್ ಸತ್ತಿತು ಅಂತ ಅಲ್ಲ. ಸ್ಲೀವ್ ಹಾಕಿಸಿ. ಬೋರನ್ನು ಇನ್ನಷ್ಟು ಅಗಲ ಮಾಡಿ, ಅದರೊಳಗೆ ಎರಕದ ಕೊಳವೆ ಬಿಗಿಯಾಗಿ ಒತ್ತಿ ಕೂರಿಸಿ, ಮತ್ತೆ 68ಕ್ಕೆ ಬೋರ್ ಮಾಡುತ್ತಾರೆ. ಸ್ಟ್ಯಾಂಡರ್ಡ್ ಪಿಸ್ಟನ್ನಿಗೆ ವಾಪಸ್ ಬಂದ ಹಾಗಾಯಿತು. ಸ್ಲೀವಿಗೆ ಮೊದಲು ಬ್ಲಾಕಿಗೆ ನೀರಿನ ಪ್ರೆಷರ್ ಟೆಸ್ಟ್ ಮಾಡಿಸಿ, ಬಿರುಕಿದ್ದರೆ ಖರ್ಚು ಮಾಡುವ ಮೊದಲೇ ಗೊತ್ತಾಗಲಿ.

ಗುಜರಿ ಇಂಜಿನ್ನಿನ ಒಳಗೆ ಏನಿದೆ ಅಂತ ಮಾರುವವರಿಗೂ ಗೊತ್ತಿರುವುದಿಲ್ಲ. ಮೇಲೆ ಹೊಸ ಪೇಂಟ್ ಹೊಡೆದಷ್ಟೂ ನನಗೆ ಅನುಮಾನ ಜಾಸ್ತಿ. ಅದಕ್ಕಿಂತ ದೊಡ್ಡ ವಿಷಯ ಆರ್‌ಸಿ. ಬ್ಲಾಕಿನ ಮೇಲಿನ ಇಂಜಿನ್ ನಂಬರ್ ಆರ್‌ಸಿಯಲ್ಲಿದೆ. ಬ್ಲಾಕ್ ಬದಲಾದರೆ ಆರ್‌ಟಿಓದಲ್ಲಿ ನಂಬರ್ ಬದಲಿಸಬೇಕು, ಆ ಇಂಜಿನ್ ಎಲ್ಲಿಂದ ಬಂತು ಅನ್ನುವುದಕ್ಕೆ ಕಾಗದ ತೋರಿಸಬೇಕು. ನಿಮ್ಮ ಗಾಡಿಗೆ 50 ವರ್ಷ ದಾಟಿದೆ. 2021ರಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಬಹುದು. ನಂಬರ್ ಪ್ಲೇಟಿನಲ್ಲಿ ವಿಎ ಅಂತ ಬರುತ್ತದೆ, ಹತ್ತು ವರ್ಷಕ್ಕೆ ಚಾಲ್ತಿ. ಚಾಸಿಸ್, ಬಾಡಿ, ಇಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು ಅಂತ ಷರತ್ತಿದೆ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ದಿನಾ ಓಡಿಸುವಂತಿಲ್ಲ, ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥದ್ದಕ್ಕೆ ಮಾತ್ರ. ದಿನಾ ತರಕಾರಿಗೆ ಹೋಗುವ ಗಾಡಿ ಆದರೆ ಇದರ ಸಹವಾಸ ಬೇಡ. ಎರಡರಲ್ಲಿ ಯಾವುದೇ ಆದರೂ ಹಳೇ ನಂಬರಿನ ಬ್ಲಾಕ್ ಉಳಿಸಿಕೊಂಡವರೇ ಗೆದ್ದವರು.

ಪ್ರಶ್ನೆ: ಬೆಂಗಳೂರಿನ ಜೆಸಿ ರಸ್ತೆಯಲ್ಲಿ ಹುಡುಕಿದರೆ ಹಳೇ ಸ್ಟಾಕಿನ ಒರಿಜಿನಲ್ ಸಾಮಾನು ಸಿಗುತ್ತೆ ಅಂತಾರೆ. ಈಗಿನ ಹೊಸ ಡೂಪ್ಲಿಕೇಟಿಗಿಂತ ಅದೇ ಒಳ್ಳೆಯದಲ್ವಾ?
– ಓದುಗ, ತುಮಕೂರು

ಉತ್ತರ: ಲೋಹ ಆದರೆ ಹೌದು. ಮೇಣದ ಕಾಗದದಲ್ಲಿ ಸುತ್ತಿದ ಶೆಲ್, ಟ್ಯಾಪೆಟ್, ಗೈಡ್ ಸಿಕ್ಕಿದರೆ ಬಿಡಬೇಡಿ. ತುಕ್ಕು ನೋಡಿ, ಸೈಜ್ ನೋಡಿ, ತಗೊಳ್ಳಿ. ರಬ್ಬರ್ ಆದರೆ ಖಂಡಿತ ಬೇಡ. ಮೂವತ್ತು ವರ್ಷ ಡಬ್ಬಿಯಲ್ಲಿ ಕೂತ ಆಯಿಲ್ ಸೀಲ್ ಮೇಲೆ ಒರಿಜಿನಲ್ ಅಂತ ಅಚ್ಚಿದ್ದರೂ ಒಳಗೆ ಕಲ್ಲಾಗಿರುತ್ತದೆ. ಕಡ್ಡಿಯಿಂದ ಅದರ ತುಟಿ ಮಡಿಸಿ ನೋಡಿ, ಬಿರುಕು ಕಾಣುತ್ತದೆ. ಹೊಸ ಸಾಮಾನನ್ನೂ ಅಳೆಯದೆ ಹಾಕಬೇಡಿ. ಡಬ್ಬಿ ಮೇಲೆ 0.4 ಅಂತಿದ್ದು ಒಳಗೆ 0.6 ಇದ್ದ ಪಿಸ್ಟನ್ ಸೆಟ್ ನಾನೇ ಬಿಚ್ಚಿದ್ದೇನೆ. ಇನ್ನೊಂದು, ಪಿಸ್ಟನ್ ಕೈಗೆ ಬರುವ ಮೊದಲು ಬೋರಿಂಗ್ ಮಾಡಿಸಬೇಡಿ. ಪಿಸ್ಟನ್ ಲೇತಿನವರ ಟೇಬಲ್ ಮೇಲಿರಲಿ, ಅದನ್ನು ಅಳೆದು ಅದಕ್ಕೆ ತಕ್ಕ ಬೋರ್ ಮಾಡಲಿ.

ಪ್ರಶ್ನೆ: ಇಂಜಿನ್ ರೆಡಿಯಾಗಿ ಬಂತು. "ಸಾವಿರ ಕಿಲೋಮೀಟರ್ 40 ದಾಟಬೇಡಿ, ಮೊದಲ ದಿನ ಎರಡು ಗಂಟೆ ಐಡಲ್‌ನಲ್ಲಿ ಬಿಡಿ" ಅಂದರು. ಸರಿಯಾ?
– ಓದುಗರು, ಪುತ್ತೂರು

ಉತ್ತರ: ಐಡಲ್‌ನಲ್ಲಿ ಬಿಡುವುದು ಖಂಡಿತ ತಪ್ಪು. ಕ್ಯಾಮ್ ಮತ್ತು ಟ್ಯಾಪೆಟ್ಟಿಗೆ ಆಯಿಲ್ ಸಿಗುವುದು ಕ್ರ್ಯಾಂಕ್ ಎರಚಿದ್ದರಿಂದ. ಐಡಲ್‌ನಲ್ಲಿ ಎರಚುವುದು ಕಡಿಮೆ, ಹೊಸ ಕ್ಯಾಮಿನ ಮೂಗು ಮೊದಲ ದಿನವೇ ಸವೆಯುತ್ತದೆ. ಸ್ಟಾರ್ಟ್ ಆದ ತಕ್ಷಣ 2000 ಆರ್‌ಪಿಎಂ ಹತ್ತಿರ ಇಪ್ಪತ್ತು ನಿಮಿಷ ಹಿಡಿಯಿರಿ, ನೀರು ಮತ್ತು ಆಯಿಲ್ ಸೋರಿಕೆ ನೋಡುತ್ತಾ ಇರಿ. ಸ್ಟಾರ್ಟ್ ಮಾಡುವ ಮೊದಲು ಪ್ಲಗ್ ಬಿಚ್ಚಿ, ಆಯಿಲ್ ಲೈಟ್ ಆರುವವರೆಗೆ ಸೆಲ್ಫ್ ಹೊಡೆಯುವುದು ಮರೆಯಬೇಡಿ.

ಆಮೇಲೆ 40ರಲ್ಲೇ ಎಳೆದಾಡಬೇಡಿ. ರಿಂಗ್ ಬೋರಿಗೆ ಕೂರಲು ಸ್ವಲ್ಪ ಒತ್ತಡ ಬೇಕು. ಖಾಲಿ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ ಚೆನ್ನಾಗಿ ಎಳೆಸಿ, ಬಿಡಿ, ಮತ್ತೆ ಎಳೆಸಿ. ಒಂದೇ ಸ್ಪೀಡಿನಲ್ಲಿ ಗಂಟೆಗಟ್ಟಲೆ ಹೋಗುವುದು, ಟಾಪ್ ಗೇರಿನಲ್ಲಿ ದಮ್ಮು ಕಟ್ಟಿಸುವುದು, ಎರಡೂ ಬೇಡ. ಹೆಡ್ ನಟ್ಟುಗಳನ್ನು ಒಂದು ಸಲ ಮತ್ತೆ ಬಿಗಿ ನೋಡಿಸಿ, ಅದರ ಹಿಂದೆಯೇ ಟ್ಯಾಪೆಟ್ ಹೊಂದಿಸಿ. 500 ಕಿಲೋಮೀಟರಿಗೆ ಆಯಿಲ್ ಇಳಿಸಿ. ಇಳಿಸಿದ್ದನ್ನು ಬಿಳಿ ಬಟ್ಟೆಯ ಮೇಲೆ ಸೋಸಿ ನೋಡಿ. ಸಣ್ಣ ಬೂದು ಹೊಳಪು ಇದ್ದರೆ ಹೆದರಬೇಡಿ, ರಿಂಗ್ ಕೂತ ಪುಡಿ ಅದು. ತಾಮ್ರದ ಬಣ್ಣದ ಚೂರು ಕಂಡರೆ ಗಾಡಿ ನಿಲ್ಲಿಸಿ ನನಗೆ ಮತ್ತೆ ಬರೆಯಿರಿ. ಈ ಸಲ ಕ್ರ್ಯಾಂಕಿನ ಅಳತೆ ಚೀಟಿ ಸಮೇತ.